ಬಾಲಿಯಲ್ಲಿ ಕಂಡ ಗೌರಿ ಹೂ

(ಸಾಗರದ ಓದುಗರ ಕೂಟವೊಂದರಲ್ಲಿ ಮೊನ್ನೆ ಆಡಿದ ಮಾತುಗಳನ್ನು ಬರಹಕ್ಕೆ ಇಳಿಸಿದ್ದೇನೆ. ಹೇಳುವಾಗ ಬಿಟ್ಟುಹೋಗಿದ್ದ ಒಂದೆರಡು ವಿಷಯ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಬಾಲಿಗೆ ಹೋಗಿ ಬಂದೆ ಅಂದ ಕೂಡಲೇ ಎಲ್ಲರೂ ಕೇಳುವುದು ಸಮುದ್ರದ ಬಗ್ಗೆ, ಇಲ್ಲವೇ ಅಲ್ಲಿನ ದೇವಸ್ಥಾನಗಳ ಬಗ್ಗೆ. ಕೂಟದವರು ಫೋನ್ ಮಾಡಿದಾಗಲೂ “ಟೀಚರ್, ನೋಡಿದ್ದನ್ನೆಲ್ಲ ಹೇಳಿ” ಅಂದಿದ್ದರು. ಎಲ್ಲವನ್ನೂ ಹೇಳಲು ಹೊರಟರೆ ಯಾವುದನ್ನೂ ಹೇಳಿದ ಹಾಗೆ ಆಗುವುದಿಲ್ಲ. ಅದಕ್ಕೇ ಇವತ್ತು ಹೂವಿನ ವಿಷಯ ಮಾತ್ರ. ಒಂಬತ್ತು ದಿನ ಅಲ್ಲಿದ್ದೆ. ಒಂಬತ್ತು ದಿನವೂ ನನ್ನ ಕಣ್ಣು ಹೂವನ್ನೇ ಹುಡುಕುತ್ತಿತ್ತು.

ಇಲ್ಲಿ ಕೂತವರಲ್ಲಿ ಹೂವಿನ ಹುಚ್ಚು ಇಲ್ಲದವರು ಯಾರಿದ್ದಾರೆ ಹೇಳಿ? ಮಳೆಗಾಲ ಬಂತು ಅಂದರೆ ಡೇರೆ ಹೂವಿನ (ಡೇಲಿಯಾ) ಗೆಡ್ಡೆ ಕೊಟ್ಟು ತಗೊಳ್ಳುವವರು ನಾವು. ಯಾರದೋ ಮನೆಗೆ ಊಟಕ್ಕೆ ಹೋದರೆ, ಕೈ ತೊಳೆಯುವ ಮೊದಲು ಅವರ ಹಿತ್ತಿಲಿಗೆ ಒಂದು ಸುತ್ತು ಹಾಕಿ ಬರುತ್ತೇವೆ. ಹಾಗಾಗಿ ಹೂ ಅಂದರೆ ಏನು ಅಂತ ನನಗೆ ಗೊತ್ತಿದೆ ಅಂದುಕೊಂಡೇ ಹೋಗಿದ್ದೆ.

ಉಬುದ್ ಅನ್ನುವ ಊರಿನಲ್ಲಿ ಒಂದು ಮನೆಯ ಹಿಂದಿನ ಕೋಣೆಯಲ್ಲಿ ಉಳಿದಿದ್ದೆವು, ನಾನು ಮತ್ತು ಮಗಳು. ಜುಲೈ ತಿಂಗಳು. ನಮ್ಮಲ್ಲಿ ಜಡಿಮಳೆ ಹೊಡೆಯುತ್ತಿದ್ದರೆ ಅಲ್ಲಿ ಒಣ ಹವೆ. ಮೊದಲ ದಿನ ಬೆಳಿಗ್ಗೆ ಕಾಫಿಗೆ ಅಂತ ಬಾಗಿಲು ತೆಗೆದು ಒಂದು ಹೆಜ್ಜೆ ಇಟ್ಟೆ. ಕಾಲಿನ ಕೆಳಗೆ ಏನೋ ಮೆತ್ತಗೆ ಸಿಕ್ಕಿತು. ಬಗ್ಗಿ ನೋಡಿದರೆ ಅಂಗೈ ಅಗಲದ ಒಂದು ಎಲೆಯ ತಟ್ಟೆ. ಅದರ ತುಂಬ ಹೂ. ಪಕ್ಕದಲ್ಲಿ ಊದುಬತ್ತಿಯ ಕಡ್ಡಿ. ದೇವರಿಗೆ ಇಟ್ಟ ಹೂವನ್ನು ತುಳಿದುಬಿಟ್ಟಿದ್ದೆ!

ನನ್ನ ಎದೆ ಧಸಕ್ಕೆಂದಿತು. ಬಿದ್ದ ಹೂ ಕಾಲಿಗೆ ತಾಗಿದರೆ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುವವರು ನಾವು. ಅಂಗಳದಲ್ಲಿ ಮನೆಯ ಯಜಮಾನಿ ಗುಡಿಸುತ್ತಿದ್ದರು. ಅಲ್ಲಿ ಹಿರಿಯ ಹೆಂಗಸರನ್ನು ‘ಇಬು’ ಅಂತ ಕರೆಯುತ್ತಾರೆ. ಇಬು ಅಂದರೆ ಅಮ್ಮ. ಕೈ ಮುಗಿದುಕೊಂಡು ಅವರ ಹತ್ತಿರ ಹೋದೆ. ಮಗಳು ಇಂಗ್ಲಿಷಿನಲ್ಲಿ ವಿವರಿಸಿದಳು. ಅವರು ನಕ್ಕರು. ನನ್ನ ಭುಜ ತಟ್ಟಿ, ಉರಿದು ಮುಗಿದ ಊದುಬತ್ತಿ ತೋರಿಸಿದರು. “ಅದು ಆರಿದೆ ಅಲ್ವಾ, ಸಾರ ಹೋಗಬೇಕಾದಲ್ಲಿಗೆ ಹೋಗಿ ಆಯಿತು. ಇನ್ನು ಉಳಿದಿದ್ದು ಬರೀ ಹೂ, ಎಲೆ” ಅಂದರು. ಆಮೇಲೆ ಅದೇ ಪೊರಕೆಯಿಂದ ಆ ತಟ್ಟೆಯನ್ನೂ ಗುಡಿಸಿ ಬುಟ್ಟಿಗೆ ಹಾಕಿದರು. ಒಂದು ಗಂಟೆಯ ಒಳಗೆ ಅದೇ ಜಾಗದಲ್ಲಿ ಹೊಸ ತಟ್ಟೆ, ಹೊಸ ಹೂ.

ಆ ತಟ್ಟೆಗೆ ‘ಚನಾಂಗ್ ಸಾರಿ’ ಅನ್ನುತ್ತಾರೆ. ಸಾರಿ ಅಂದರೆ ನಮ್ಮ ಸಾರವೇ. ಬಾಲಿ ಇಂಡೋನೇಷ್ಯಾದ ಒಂದು ದ್ವೀಪ. ನಮ್ಮ ಶಿವಮೊಗ್ಗ ಜಿಲ್ಲೆಗಿಂತ ಚಿಕ್ಕದು. ಸುಮಾರು 43 ಲಕ್ಷ ಜನ. ಅವರಲ್ಲಿ ನೂರಕ್ಕೆ 80ಕ್ಕೂ ಹೆಚ್ಚು ಮಂದಿ ಹಿಂದೂಗಳು. ಅವರ ಮನೆಗಳಲ್ಲಿ ದಿನ ಶುರುವಾಗುವುದೇ ಈ ತಟ್ಟೆಗಳಿಂದ. ಒಂದು ದಿನ ಇಬು ಅವರ ಹಿಂದೆಯೇ ಹೋಗಿ ಎಣಿಸಿದೆ. ಮನೆಯ ಗುಡಿಗಳಿಗೆ, ಒಲೆಯ ಮೇಲೆ, ಬಾವಿ ಕಟ್ಟೆಗೆ, ಅಕ್ಕಿ ಡಬ್ಬಿಯ ಪಕ್ಕ, ಗೇಟಿಗೆ, ಗೇಟಿನ ಆಚೆ ರಸ್ತೆಗೆ, ಮಗನ ಸ್ಕೂಟರಿಗೆ, ನಮ್ಮ ಕೋಣೆಯ ಬಾಗಿಲಿಗೆ, ಎಲ್ಲ ಸೇರಿ 31. ಒಂದು ಮನೆಯಲ್ಲಿ, ಒಂದು ಬೆಳಿಗ್ಗೆ! ಅದೂ ಹಬ್ಬದ ದಿನ ಅಲ್ಲ, ಸುಮ್ನೆ ಒಂದು ಮಂಗಳವಾರ.

ಆ ಊರಿನಲ್ಲಿ ನಡೆಯುವಾಗ ಕಣ್ಣು ತಾನಾಗಿ ನೆಲದ ಕಡೆ ಹೋಗುತ್ತದೆ. ಬ್ಯಾಂಕಿನ ಮೆಟ್ಟಿಲ ಮೇಲೆ ಹೂ. ಫೋನ್ ರೀಚಾರ್ಜ್ ಅಂಗಡಿಯ ಎದುರು ಹೂ. ಟ್ಯಾಕ್ಸಿಯ ಸ್ಟೀರಿಂಗ್ ಮುಂದೆ ಹೂ. ಕಲ್ಲಿನ ದ್ವಾರಪಾಲಕರ ಕಿವಿಯಲ್ಲಿ ಕೆಂಪು ದಾಸವಾಳ. ಚರಂಡಿ ಪಕ್ಕದಲ್ಲೂ ಹೂ ಇತ್ತು. ಯಾಕೆ ಅಂತ ಕೇಳಿದೆ. ಎತ್ತರದಲ್ಲಿ ಇಡುವುದು ದೇವರಿಗೆ, ನೆಲದ ಮೇಲೆ ಇಡುವುದು ಭೂತಗಳಿಗೆ ಅಂದರು. ‘ಭೂತ ಕಾಲ’ ಅಂತಲೇ ಹೆಸರು. ನನಗೆ ಥಟ್ಟನೆ ನಮ್ಮ ಕಾನಿನ ಅಂಚಿನ ಚೌಡಿ, ಭೂತಪ್ಪನ ಕಲ್ಲು ನೆನಪಾದವು. ಅವಕ್ಕೂ ಪಾಲು ಕೊಡದೆ ನಮ್ಮ ಹಿರಿಯರು ಹಬ್ಬ ಮಾಡುತ್ತಿರಲಿಲ್ಲ ಅಲ್ವಾ?

ಈಗ ಒಂದು ತಟ್ಟೆಯನ್ನು ಹತ್ತಿರದಿಂದ ನೋಡೋಣ. ಮೂರನೇ ದಿನ ಸಂಜೆ ಇಬು ನನ್ನನ್ನೂ ಜಗಲಿಯ ಮೇಲೆ ಕೂರಿಸಿಕೊಂಡರು. ತೆಂಗಿನ ಸುಳಿಯ ಎಳೆ ಗರಿ, ಇನ್ನೂ ಹಸಿರು ಏರದ ತಿಳಿ ಹಳದಿಯದು. ಅದನ್ನು ಸೀಳಿ, ಮಡಿಸಿ, ಬಿದಿರಿನ ಸಣ್ಣ ಕಡ್ಡಿ ಚುಚ್ಚಿ ಚೌಕದ ತಟ್ಟೆ ಮಾಡುತ್ತಾರೆ. ನಾವು ಮುತ್ತುಗದ ಎಲೆ ಹಚ್ಚುವುದಿಲ್ಲವೇ, ಹಾಗೆಯೇ. ನನ್ನ ಕೈಗೆ ಕೂಡಲೇ ಹಿಡಿತ ಸಿಕ್ಕಿತು. ಅವರಿಗೆ ಆಶ್ಚರ್ಯ. ಅಜ್ಜಿ ಕಲಿಸಿದ್ದು, ಐವತ್ತು ವರ್ಷ ಆದ ಮೇಲೂ ಬೆರಳು ಮರೆತಿರಲಿಲ್ಲ.

ತಟ್ಟೆಯ ತಳಕ್ಕೆ ಮೊದಲು ಇಡುವುದು ಏನು ಗೊತ್ತಾ? ವೀಳ್ಯದೆಲೆ, ಅಡಿಕೆ, ಸುಣ್ಣ. ಹೌದು, ನಮ್ಮ ಎಲೆ ಅಡಿಕೆಯೇ! ಅಡಿಕೆ ಕೆಂಪು, ಅದು ಬ್ರಹ್ಮ. ಎಲೆ ಹಸಿರು, ಅದು ವಿಷ್ಣು. ಸುಣ್ಣ ಬಿಳಿ, ಅದು ಶಿವ. ಇದಿಲ್ಲದ ಚನಾಂಗ್ ಲೆಕ್ಕಕ್ಕೆ ಇಲ್ಲವಂತೆ. ಅಡಿಕೆ ತೋಟದ ಊರಿನಿಂದ ಹೋದವಳು ನಾನು. ನಮ್ಮಲ್ಲೂ ಎಲೆ ಅಡಿಕೆ ಇಡದೆ ಯಾವ ಶುಭಕಾರ್ಯ ಶುರುವಾಗುತ್ತದೆ? ಅವರ ಕೈ ಹಿಡಿದುಕೊಂಡು ನಮ್ಮ ತೋಟದ ಫೋಟೋ ತೋರಿಸಿದೆ.

ಅದರ ಮೇಲೆ ಹೂ. ಕೈಗೆ ಬಂದ ಹಾಗೆ ಸುರಿಯುವಂತಿಲ್ಲ. ಪೂರ್ವಕ್ಕೆ ಬಿಳಿ, ದಕ್ಷಿಣಕ್ಕೆ ಕೆಂಪು, ಪಶ್ಚಿಮಕ್ಕೆ ಹಳದಿ, ಉತ್ತರಕ್ಕೆ ನೀಲಿ ಅಥವಾ ಹಸಿರು. ಆ ದಿಕ್ಕುಗಳ ದೇವರು ಅದೇ ಕ್ರಮದಲ್ಲಿ ಈಶ್ವರ, ಬ್ರಹ್ಮ, ಮಹಾದೇವ, ವಿಷ್ಣು. ನಡುವೆ ಸಣ್ಣಗೆ ಹೆಚ್ಚಿದ ಒಂದು ಹಸಿರು ಎಲೆ, ಬಾಸ್ಮತಿ ಅಕ್ಕಿಯ ಪರಿಮಳದ್ದು. ಅದು ನಮ್ಮ ಕೇದಗೆಯ ಜಾತಿಯದೇ ಗಿಡ. ಒಂದು ತಟ್ಟೆಗೆ ಹೆಚ್ಚೆಂದರೆ ಹತ್ತು ಹನ್ನೆರಡು ಎಸಳು. ಒಂದು ಚೆಂಡುಹೂವನ್ನು ಬಿಡಿಸಿ ಮೂರು ನಾಲ್ಕು ತಟ್ಟೆಗೆ ಹಂಚುತ್ತಿದ್ದರು.

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಹೂ ಜಾಸ್ತಿ ಇದೆ ಅಂದರೆ ನಮ್ಮ ಕಣ್ಣ ಮುಂದೆ ಬರುವುದು ಯಾವುದು? ರಾಶಿ. ಪೇಟೆಯ ಬುಟ್ಟಿಗಳ ರಾಶಿ. ದೇವರು ಕಾಣದಷ್ಟು ಹಾರ. ಮದುವೆ ಮಂಟಪದ ಕಂಬಕ್ಕೆ ಸುತ್ತಿದ ಮಾರುಗಟ್ಟಲೆ ಮಾಲೆ. ಬಾಲಿಯಲ್ಲಿ ಒಂದು ಜಾಗದಲ್ಲಿ ಇಡುವ ಹೂ ಒಂದು ಮುಷ್ಟಿಯೂ ಇಲ್ಲ. ಆದರೆ ಇಡದ ಜಾಗವೇ ಇಲ್ಲ. ನಾನು ನೋಡಿದಲ್ಲೆಲ್ಲ ಬಿಡಿ ಹೂವೇ, ಕಟ್ಟಿದ್ದು ಕಾಣಲಿಲ್ಲ. ಇಡೀ ದ್ವೀಪ ಹೂವಿನಿಂದ ತುಂಬಿದ ಹಾಗೆ ಕಾಣುವುದು ಆ ಚಿಕ್ಕ ಚಿಕ್ಕ ಪಾಲುಗಳಿಂದ. ಇದು ನನಗೆ ಹೊಳೆಯಲು ಮೂರು ದಿನ ಬೇಕಾಯಿತು.

ಹೂ ಎಲ್ಲಿಂದ ಬರುತ್ತದೆ ಅಂತ ನೋಡುವ ಆಸೆ. ಬಾಲಿಯ ರಾಜಧಾನಿ ದೆನ್‌ಪಸಾರ್‌ನಲ್ಲಿ ಬಾದುಂಗ್ ಮಾರುಕಟ್ಟೆ ಇದೆ, ರಾತ್ರಿಯೆಲ್ಲ ತೆರೆದಿರುತ್ತದೆ. ಬೆಳಗಿನ ಜಾವ ನಾಲ್ಕಕ್ಕೆ ಇಬು ಅವರ ಜೊತೆ ಹೋದೆವು. ಮಾರುವವರಲ್ಲಿ ಹೆಚ್ಚಿನವರು ಹೆಂಗಸರು, ಕೊಳ್ಳುವವರೂ ಹೆಂಗಸರು. ತಲೆಯ ಮೇಲೆ ಬುಟ್ಟಿ ಹೊತ್ತು ಮೆಟ್ಟಿಲು ಹತ್ತುತ್ತಿದ್ದರು. ಚೆಂಡುಹೂವಿನ ಹಳದಿ, ಕೇಸರಿ ಮೂಟೆಗಳನ್ನು ನೋಡಿ ಆಶ್ಚರ್ಯ ಆಗಲಿಲ್ಲ. ನಮ್ಮ ಬೆಂಗಳೂರಿನ ಮಾರ್ಕೆಟ್ಟಿನಲ್ಲೂ ಅದೇ ನೋಟ. ಒಂದು ತಿರುವಿನಲ್ಲಿ ಮಾತ್ರ ಕಾಲು ನಿಂತುಹೋಯಿತು.

ಗೌರಿ ಹೂ! ಕೆಲವರು ಕರ್ಣಕುಂಡಲ ಅಂತಾರಲ್ಲ, ಅದೇ. ಗುಲಾಬಿ ಬಣ್ಣದ್ದು ಒಂದು ರಾಶಿ, ಬಿಳಿಯದು ಒಂದು, ಕೆಂಪು ಒಂದು, ನೇರಳೆ ಒಂದು. ಗೇರುವ ಮೊದಲು ಭತ್ತ ಸುರಿದಿಟ್ಟ ಹಾಗೆ. ತಕ್ಕಡಿಯಲ್ಲಿ ತೂಗಿ ಚೀಲಕ್ಕೆ ತುಂಬಿ ಕೊಡುತ್ತಿದ್ದರು. ನಾನು ಗೌರಿ ಹೂವನ್ನು ಯಾರಾದರೂ ಕಾಸು ಕೊಟ್ಟು ಕೊಂಡಿದ್ದನ್ನು ಜೀವನದಲ್ಲಿ ನೋಡಿಲ್ಲ. ಅದು ಕೊಳ್ಳುವ ಹೂವೇ ಅಲ್ಲ. ಬಚ್ಚಲು ನೀರು ಹರಿಯುವಲ್ಲಿ, ಗೊಬ್ಬರಗುಂಡಿಯ ಪಕ್ಕ, ಮಳೆ ಬಿದ್ದ ಮೇಲೆ ತಾನಾಗಿ ಏಳುವ ಗಿಡ. ಕಾಂಡ ಮುರಿದರೆ ಬರೀ ನೀರು. ಇಂಡೋನೇಷ್ಯಾದ ಮಾತಿನಲ್ಲೂ ಅದರ ಹೆಸರಿನ ಅರ್ಥ ‘ನೀರು ಮದರಂಗಿ’.

ಚಿಕ್ಕವರಿದ್ದಾಗ ಬೀಜದ ಕಾಯಿ ಬಲಿಯುವುದನ್ನೇ ಕಾಯುತ್ತಿದ್ದೆವು. ಬಲಿತ ಕಾಯಿಯನ್ನು ಎರಡು ಬೆರಳಿನಲ್ಲಿ ಮೆಲ್ಲಗೆ ಹಿಡಿದರೆ ಸಾಕು, ಟಪ್ ಅಂತ ಸಿಡಿದು, ಸಿಪ್ಪೆ ಹುಳದ ಹಾಗೆ ಸುರುಳಿ ಸುತ್ತಿಕೊಳ್ಳುತ್ತಿತ್ತು. ಅಂಗೈಯಲ್ಲಿ ಕಚಗುಳಿ. ಅಜ್ಜಿ ಬೈಯುತ್ತಿದ್ದಳು, “ಬೀಜ ಎಲ್ಲ ಹಾಳು ಮಾಡ್ತೀರಿ, ಮುಂದಿನ ಗೌರಿಗೆ ಹೂ ಎಲ್ಲಿಂದ ತರ್ಲಿ?” ಅಂತ. ಹಾಳೇನೂ ಆಗುತ್ತಿರಲಿಲ್ಲ. ಸಿಡಿದ ಬೀಜವೇ ಮುಂದಿನ ಮಳೆಗೆ ಮೊಳೆಯುತ್ತಿತ್ತು. ದೂರ ಹಾರಿ ಬೀಳಲಿ ಅಂತಲೇ ಆ ಕಾಯಿ ಹಾಗೆ ಸಿಡಿಯುವುದು.

ಗೌರಿ ಹೂವಿನ ಮೂಲ ಭಾರತ ಮತ್ತು ಬರ್ಮಾದ ಕಡೆ. ಅಂದರೆ ನಮ್ಮ ಕಡೆಯ ಗಿಡವೇ ಅಲ್ಲಿಗೆ ಹೋಗಿ ಬೇರು ಬಿಟ್ಟಿದೆ. ಅದನ್ನು ಅವರು ತರಕಾರಿಯ ಹಾಗೆ ಸಾಲು ಹಿಡಿದು ಬೆಳೆಯುತ್ತಾರೆ. ಉಬುದಿನಿಂದ ಬೆಟ್ಟದ ಕಡೆ ಹೋಗುವಾಗ ಗದ್ದೆಗಳ ನಡುವೆ ಪಾತಿ ಪಾತಿ ಗೌರಿ ಹೂ ನೋಡಿದೆ. ಇನ್ನು ಸಂಪಿಗೆ. ಅದಕ್ಕೆ ಅಲ್ಲಿ ಇವತ್ತಿಗೂ ‘ಚಂಪಕ’ ಅನ್ನುತ್ತಾರೆ. ಹಳದಿ ಸಂಪಿಗೆ, ಬಿಳಿ ಸಂಪಿಗೆ ಎರಡೂ ಪೂಜೆಗೆ ಬೇಕು. ಊದುಬತ್ತಿಗೆ ‘ದೂಪ’. ತೀರ್ಥಕ್ಕೆ ‘ತೀರ್ಥ’. ಹಣೆಗೆ ಅಂಟಿಸಿಕೊಳ್ಳುವ ಅಕ್ಕಿಕಾಳಿಗೆ ‘ಬೀಜ’. ಥ್ಯಾಂಕ್ಸ್ ಹೇಳಲು ‘ಸುಕ್ಸ್ಮ’. ಮಾತು ಬಾರದ ಊರಿನಲ್ಲಿ ನಮ್ಮವೇ ಮಾತುಗಳು ಹೀಗೆ ಮಧ್ಯೆ ಮಧ್ಯೆ ಸಿಕ್ಕರೆ ಗಂಟಲು ಕಟ್ಟಿದ ಹಾಗೆ ಆಗುತ್ತದೆ.

ಬಾಲಿಯ ಹೂ ಅಂದರೆ ಎಲ್ಲರಿಗೂ ನೆನಪಾಗುವುದು ದೇವಗಣಗಿಲೆ. ನಾವು ಗೋಸಂಪಿಗೆ ಅಂತಲೂ ಅನ್ನುತ್ತೇವೆ. ಒಳಗೆ ಹಳದಿ, ಹೊರಗೆ ಬಿಳಿ, ಐದು ಎಸಳು. ಪ್ರತಿ ಗುಡಿಯ ಅಂಗಳದಲ್ಲೂ ಬೂದು ಬಣ್ಣದ ಬೋಳು ಕೊಂಬೆಗಳ ಆ ಮರ, ಕೆಳಗೆ ಹೂವಿನ ಹಾಸು. ಆದರೆ ಅದು ಮೂಲದಲ್ಲಿ ಮಧ್ಯ ಅಮೆರಿಕದ ಮರ. ಚೆಂಡುಹೂವೂ ಮೆಕ್ಸಿಕೋ ಕಡೆಯದೇ. ಬಾಲಿಯ ದೇವರೂ ನಮ್ಮ ದೇವರೂ ಎರಡನ್ನೂ ಒಪ್ಪಿಕೊಂಡಿದ್ದಾರೆ. ಹೊರಗಿನಿಂದ ಬಂದ ಹೂವನ್ನು ಪೂಜೆಗೆ ಇಡಬಾರದು ಅಂತ ಯಾರೂ ಹಠ ಹಿಡಿಯಲಿಲ್ಲ. ಇದು ನನಗೆ ತುಂಬ ಸಮಾಧಾನ ಕೊಡುವ ಸಂಗತಿ.

ಒಂದು ಸಂಜೆ ಇಬು ಅವರ ಮನೆಯವರ ಜೊತೆ ಊರ ಗುಡಿಗೆ ಹೋದೆ. ಲುಂಗಿಯ ಹಾಗಿರುವ ಅವರದೇ ಸರೋಂಗ್ ಉಡಿಸಿ, ಸೊಂಟಕ್ಕೆ ಪಟ್ಟಿ ಕಟ್ಟಿದರು. ನೆಲದ ಮೇಲೆ ಕೂತು ಐದು ಸಲ ಕೈ ಮುಗಿಯುತ್ತಾರೆ. ಮೊದಲ ಸಲ ಬರಿಗೈ. ಎರಡನೆಯ ಸಲ ಬೆರಳ ತುದಿಯಲ್ಲಿ ಒಂದು ಬಿಳಿ ಹೂ, ಅದು ಸೂರ್ಯನಿಗೆ. ಆಮೇಲೆ ಎರಡು ಸಲ ಮತ್ತೆ ಹೂವಿನ ಜೊತೆ. ಕೊನೆಗೆ ಪುನಃ ಬರಿಗೈ. ಖಾಲಿ ಕೈಯಲ್ಲಿ ಬಂದು, ಖಾಲಿ ಕೈಯಲ್ಲಿ ಮುಗಿಸುವುದು. ನನ್ನ ಪಕ್ಕ ಕೂತಿದ್ದ ಏಳೆಂಟು ವರ್ಷದ ಹುಡುಗ ಪ್ರತಿ ಸಲ ತಟ್ಟೆಯಿಂದ ಯಾವ ಹೂ ತೆಗೆಯಬೇಕು ಅಂತ ಕಣ್ಣಲ್ಲೇ ತೋರಿಸಿಕೊಟ್ಟ.

ಪ್ರಾರ್ಥನೆ ಮುಗಿದ ಮೇಲೆ ಆ ಹೂವನ್ನು ಕಿವಿಗೆ ಸಿಕ್ಕಿಸಿಕೊಳ್ಳುತ್ತಾರೆ. ಹೆಂಗಸರು, ಗಂಡಸರು, ಮುದುಕರು, ಮಕ್ಕಳು, ಎಲ್ಲರೂ. ನಮ್ಮ ಮಾತಿನಲ್ಲಿ ಕಿವಿ ಮೇಲೆ ಹೂ ಇಡುವುದು ಅಂದರೆ ಮೋಸ ಮಾಡುವುದು. ಆದರೆ ನಮ್ಮಪ್ಪನೂ ದೇವಸ್ಥಾನದಿಂದ ಬರುವಾಗ ಕಿವಿಯ ಮೇಲೆ ಪ್ರಸಾದದ ಹೂ ಇಟ್ಟುಕೊಂಡೇ ಬರುತ್ತಿದ್ದರು. ಪೇಟೆಯಲ್ಲಿ ಸಾಮಾನು ಕೊಂಡು, ಬಸ್ಸು ಹತ್ತಿ ಮನೆಗೆ ಬಂದರೂ ಅದು ಅಲ್ಲೇ ಇರುತ್ತಿತ್ತು. ಈಗ ನಮ್ಮ ಹುಡುಗರು ಪ್ರಸಾದದ ಹೂ ಕೊಟ್ಟರೆ ಜೇಬಿಗೆ ಹಾಕಿಕೊಳ್ಳುತ್ತಾರೆ. ಅಲ್ಲಿ ಸ್ಕೂಟರ್ ಮೇಲೆ ಹೋಗುವ ಕಾಲೇಜು ಹುಡುಗನ ಕಿವಿಯಲ್ಲಿ ದೇವಗಣಗಿಲೆ ಕಂಡಾಗಲೆಲ್ಲ ನಮ್ಮಪ್ಪ ಕಂಡ ಹಾಗಾಗುತ್ತಿತ್ತು.

ಬೆದುಗುಲ್ ಬೆಟ್ಟದ ಬಗ್ಗೆ ಎರಡು ಮಾತು. ಅಲ್ಲಿ ಸರೋವರ ಇದೆ, ನೀರಿನ ನಡುವೆ ಗುಡಿ ಇದೆ, ಫೋಟೋದಲ್ಲಿ ನೀವೆಲ್ಲ ನೋಡಿರುತ್ತೀರಿ. ನಾನು ನೋಡಲು ಹೋಗಿದ್ದು ನೀಲಿ ಹೂವಿನ ತೋಟ. ಹೈಡ್ರೇಂಜಿಯ. ಕುಂಡದಲ್ಲಿ ಒಂದು ಗಿಡ ಸಾಕಲು ನಾನು ಎಷ್ಟು ಕಷ್ಟಪಟ್ಟಿದ್ದೆ! ಅಲ್ಲಿ ಇಳಿಜಾರಿನ ತುಂಬ ಅದೇ. ಮಣ್ಣು ಹುಳಿಯಾಗಿದ್ದರೆ ಆ ಹೂ ನೀಲಿ ಬರುತ್ತದೆ, ಇಲ್ಲದಿದ್ದರೆ ಗುಲಾಬಿ. ತಟ್ಟೆಯ ಉತ್ತರ ದಿಕ್ಕಿಗೆ ಬೇಕಾದ ನೀಲಿ ಬರುವುದು ಇಂಥ ತೋಟಗಳಿಂದ.

ಇಷ್ಟು ಹೇಳಿ ನಿಲ್ಲಿಸಿದರೆ ಅರ್ಧ ಹೇಳಿದ ಹಾಗಾಗುತ್ತದೆ. ಈ ಹೂವಿನ ಹಿಂದೆ ಹೆಂಗಸರ ದುಡಿಮೆ ಇದೆ, ದಿನಾ ಗಂಟೆಗಟ್ಟಲೆ. ಹೋಟೆಲಿನಲ್ಲಿ, ಆಫೀಸಿನಲ್ಲಿ ಕೆಲಸ ಮಾಡುವವರಿಗೆ ಅಷ್ಟು ಹೊತ್ತು ಎಲ್ಲಿದೆ? ಅವರು ಮಾರುಕಟ್ಟೆಯಿಂದ ಸಿದ್ಧ ತಟ್ಟೆ ಕೊಳ್ಳುತ್ತಾರೆ. ಇಬು ಅವರ ಸೊಸೆಯೂ ಹಾಗೆಯೇ. ಅದಕ್ಕೆ ಇಬು ಬೇಸರ ಮಾಡಿಕೊಳ್ಳುವುದಿಲ್ಲ. “ಅವಳು ಕೊಂಡ ತಟ್ಟೆಯಿಂದ ಇನ್ನೊಬ್ಬಳ ಮನೆ ನಡೆಯುತ್ತದೆ” ಅಂದರು. ಹುಣ್ಣಿಮೆ, ಅಮಾವಾಸ್ಯೆಗೆ ಹೂವಿನ ಬೆಲೆ ಏರುತ್ತದೆ. 210 ದಿನಕ್ಕೊಮ್ಮೆ ಬರುವ ಗಲುಂಗಾನ್ ಹಬ್ಬಕ್ಕೆ ಇನ್ನೂ ಜಾಸ್ತಿ. ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ನಮ್ಮ ಪೇಟೆ ಹೇಗಿರುತ್ತದೆ, ಹಾಗೆ. ತೆಂಗಿನ ಎಳೆ ಗರಿ ದ್ವೀಪಕ್ಕೆ ಸಾಲುವುದಿಲ್ಲ, ಪಕ್ಕದ ಜಾವಾದಿಂದ ಹಡಗಿನಲ್ಲಿ ಬರುತ್ತದೆ. ಸುಳಿ ಕಡಿದರೆ ಮರಕ್ಕೆ ಏನಾಗುತ್ತದೆ ಅಂತ ತೆಂಗು ಬೆಳೆಯುವ ನಿಮಗೆ ನಾನು ಹೇಳಬೇಕಾಗಿಲ್ಲ.

ಬಿದಿರು ಕಡ್ಡಿಯ ಜಾಗಕ್ಕೆ ಈಗ ಸ್ಟೇಪ್ಲರ್ ಪಿನ್ನು ಬಂದಿದೆ. ದೇವರಿಗೆ ಅಂತ ಇಡುವ ಮಿಠಾಯಿಗೆ ಪ್ಲಾಸ್ಟಿಕ್ ಸುತ್ತಿರುತ್ತದೆ. ಮೊದಲು ಗುಡಿಸಿ ಗಿಡದ ಬುಡಕ್ಕೆ ಹಾಕಿದರೆ ಮುಗಿಯುತ್ತಿತ್ತು. ಈಗ ಆರಿಸಿ ಬೇರೆ ಮಾಡಬೇಕು. ಒಂದು ಬೆಳಿಗ್ಗೆ ನಾನೂ ಇಬು ಅವರ ಜೊತೆ ಕೂತು ನಿನ್ನೆಯ ತಟ್ಟೆಗಳಿಂದ ಪಿನ್ನು ಕಿತ್ತೆ. ನಿನ್ನೆಯ ಗೌರಿ ಹೂ ಬೆರಳಿಗೆ ಅಂಟುತ್ತಿತ್ತು, ಉಗುರಿನ ಸಂದಿಗೆ ಗುಲಾಬಿ ಬಣ್ಣ ಹತ್ತಿತ್ತು. ಕೋಳಿಗಳು ಬಂದು ಅನ್ನದ ಕಾಳು ಹೆಕ್ಕುತ್ತಿದ್ದವು. ಅಲ್ಲಿ ಅಡುಗೆ ಆದ ಕೂಡಲೇ ಬಾಳೆ ಎಲೆಯ ಚೂರಿನ ಮೇಲೆ ಚಿಟಿಕೆ ಅನ್ನ ಇಟ್ಟು, ಆಮೇಲೆ ಊಟ. ನಮ್ಮ ಚಿತ್ರಾಹುತಿಯ ಹಾಗೆ. ಇರುವೆ, ಕೋಳಿ, ನಾಯಿ ತಿಂದರೆ ತಿನ್ನಲಿ ಅನ್ನುತ್ತಾರೆ.

ನಾನು ವಾಪಸ್ ಬಂದಿದ್ದು ಆಷಾಢ ಮುಗಿಯುವ ಹೊತ್ತಿಗೆ. ಬ್ಯಾಗು ಒಳಗಿಟ್ಟು ನೇರ ಹಿತ್ತಿಲಿಗೆ ಹೋದೆ. ಡೇರೆ ಚೆನ್ನಾಗಿತ್ತು. ಆರ್ಕಿಡ್ ಚೆನ್ನಾಗಿತ್ತು. ಗೌರಿ ಹೂ ಒಂದೂ ಇರಲಿಲ್ಲ. ಹಿತ್ತಿಲಿಗೆ ಕಾಂಕ್ರೀಟ್ ಹಾಕಿಸಿದ್ದು ನಾವೇ, ಆರು ವರ್ಷದ ಹಿಂದೆ, ಕಾಲು ಜಾರುತ್ತದೆ ಅಂತ. ಅಜ್ಜಿಯ ಕಾಲದಿಂದ ತಾನಾಗಿ ಏಳುತ್ತಿದ್ದ ಗಿಡ ಆವತ್ತಿಗೇ ಮುಗಿದಿತ್ತು. ಆರು ಮಳೆಗಾಲ ನಾನು ಅದನ್ನು ಗಮನಿಸಿರಲೇ ಇಲ್ಲ. ಇದು ನನಗೆ ತುಂಬ ನೋವು ಕೊಟ್ಟಿತು.

ಕೇರಿಯಲ್ಲಿ ಮನೆ ಮನೆಗೆ ಹೋಗಿ ಕೇಳಿದೆ. ಕೊನೆಗೆ ಕೆಳಗಿನ ಕೇರಿಯ ಒಬ್ಬ ಅಜ್ಜಿಯ ಕೊಟ್ಟಿಗೆಯ ಹಿಂದೆ ಸಿಕ್ಕಿತು. ಸೊಂಟದ ಎತ್ತರ ಬೆಳೆದಿತ್ತು, ಗುಲಾಬಿ, ಬಿಳಿ, ನೇರಳೆ. “ಇದನ್ನ ಕೇಳ್ಕಂಡು ಬಂದ್ಯನೇ? ಬೇಕಾದಷ್ಟು ಕೊಯ್ಕ” ಅಂದಳು. ಆ ವರ್ಷದ ಗೌರಿಗೆ ನಮ್ಮ ಮನೆಯಲ್ಲಿ ಅದೇ ಹೂ. ಪೇಟೆಯಿಂದ ಮಾಲೆ ತರಲಿಲ್ಲ. ಬಾಗಿಲಿಗೆ, ಒಲೆಯ ಹತ್ತಿರ, ಬಾವಿ ಕಟ್ಟೆಗೆ, ಅಡಿಕೆ ಮರದ ಬುಡಕ್ಕೆ, ಭೂತಪ್ಪನ ಕಲ್ಲಿಗೆ ಒಂದೊಂದೇ ಇಟ್ಟು ಬಂದೆ. ಮಗಳು ವಿಡಿಯೋ ಕರೆಯಲ್ಲಿ ನೋಡಿ, “ಅಮ್ಮ, ಸ್ಕೂಟಿಗೂ ಇಡು” ಅಂದಳು. ಇಟ್ಟೆ.

ಆಮೇಲೆ ದಸರೆಯ ಹೊತ್ತಿಗೆ ಆ ಅಜ್ಜಿಯ ಮನೆಗೆ ಮತ್ತೆ ಹೋಗಿ ಕಾಯಿ ಕೊಯ್ದು ತಂದೆ. ಸಿಡಿಯದ ಹಾಗೆ ಬಟ್ಟೆಯ ಚೀಲದ ಒಳಗೇ ಕೈ ಹಾಕಿ ಬಿಡಿಸಿದೆ. ನೆರಳಲ್ಲಿ ಒಣಗಿಸಿ, ಹಳೆಯ ಪೇಪರಿನಲ್ಲಿ ಪೊಟ್ಟಣ ಕಟ್ಟಿದ್ದೇನೆ. ಹೊರಗೆ ಚಪ್ಪಲಿ ಬಿಡುವಲ್ಲಿ ಮೇಜಿನ ಮೇಲೆ ಬುಟ್ಟಿ ಇದೆ. ಅರವತ್ತು ಪೊಟ್ಟಣ ಇರಬಹುದು, ಮನೆಗೊಂದು ತಗೊಳ್ಳಿ. ಕುಂಡ ಬೇಡ. ಗೊಬ್ಬರ ಬೇಡ. ಮೊದಲ ಎರಡು ಮಳೆ ಬಿದ್ದ ಮೇಲೆ ಬಚ್ಚಲ ಹಿಂದೆ ಎರಚಿಬಿಡಿ. ಯಾವ ಪೊಟ್ಟಣದಲ್ಲಿ ಯಾವ ಬಣ್ಣ ಅಂತ ಬರೆಯಲು ಆಗಲಿಲ್ಲ, ಎಲ್ಲ ಬೆರೆತುಹೋಗಿದೆ. ಹೂ ಬಿಟ್ಟ ಮೇಲೆ ನಿಮ್ಮಲ್ಲಿ ಯಾವ ಬಣ್ಣ ಬಂತು ಅಂತ ನನಗೆ ಫೋನ್ ಮಾಡಿ.